ಅಪ್ಪಂದಿರ ಅದಲುಬದಲು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತೀರಿಕೊಂಡು ನಾಲ್ಕು ತಿಂಗಳಾಗಿದ್ದರೂ, ಬರೆದರೆ ಎಲ್ಲಿಂದಲಾದರೂ ಬಂದು ಬೈದಾರು ಎಂಬ ಅಳುಕು ನನಗಿದೆ. ನನ್ನ ಅಳುಕುಗಳಿಗೆಲ್ಲ ಕಾರಣ ಹುಡುಕಲು ಹೋಗಬೇಡಿ. ಹಿರಿಯೂರಿನಲ್ಲಿದ್ದುಕೊಂಡು, ಮಳೆಯೆಂಬುದು ದೂರದ ನೆಂಟರ ಹಾಗೆ ಯಾವಾಗಲೋ ಬಂದು ಹೋಗುವ ಊರಿನಲ್ಲಿ, ವರ್ಷವಿಡೀ ಬ್ಯಾಗಿನೊಳಗೆ ಕೊಡೆ ಹೊತ್ತು ತಿರುಗುವವನು ನಾನು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಮನೆಗೆ ವಾಪಸು ಬಂದು, ಆರಿಸಿದೆ ಎಂದು ಖಾತ್ರಿ ಮಾಡಿಕೊಂಡು, ಆ ಖುಷಿಯಲ್ಲಿ ಬಾಗಿಲಿಗೆ ಬೀಗ ಹಾಕುವುದನ್ನೇ ಮರೆತು ಹೋದವನು.

ಬೀದಿಯವರೆಲ್ಲ ಅವರನ್ನು ಹಾಸ್ಟೆಲಮ್ಮ ಎನ್ನುತ್ತಿದ್ದರು. ಹೊಳಲ್ಕೆರೆಯಲ್ಲಿ ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ಅಡುಗೆಯವರಾಗಿದ್ದು ನಿವೃತ್ತರಾದ ಮೇಲೆ ಹಿರಿಯೂರಿಗೆ ಬಂದು ನಮ್ಮ ಪಕ್ಕದ ಮನೆಯಲ್ಲಿದ್ದರು. ಅಡುಗೆ ಎನ್ನುವುದು ಕಾಗದದ ಮೇಲಿನ ಹುದ್ದೆ. ನಿಜವಾದ ಕೆಲಸ ಬೆಳಗಿನದು. ಎಂಬತ್ತು ಹುಡುಗಿಯರು, ಆರು ನಲ್ಲಿ, ಒಂದು ಕನ್ನಡಿ. ಒಂಬತ್ತು ಗಂಟೆಯೊಳಗೆ ಎಂಬತ್ತು ಜನವೂ ತಿಂಡಿ ತಿಂದು ಗೇಟು ದಾಟಬೇಕು.

"ಎಂಬತ್ತು ಹುಡುಗೀರಿಗೆ ಒಂದೇ ಕನ್ನಡಿ ಸಾಕಾಗ್ತಿತ್ತಾ?" ಎಂದು ನನ್ನ ಹೆಂಡತಿ ಸುಧಾ ಒಮ್ಮೆ ಕೇಳಿದ್ದಳು.

"ಎಲ್ಲಿ ಸಾಕಾಗ್ತೈತೆ? ಅದಕ್ಕೇ ಒಂದಿನ ತೆಗೆದು ಅಕ್ಕಿ ಡಬ್ಬಿ ಒಳಗೆ ಇಟ್ಟೆ."

"ಅಯ್ಯೋ! ಆಮೇಲೆ?"

"ಆಮೇಲೇನು? ಒಬ್ರ ಮುಖ ಒಬ್ರು ನೋಡ್ಕಂಡು ಬೊಟ್ಟು ಇಟ್ಕಳ್ರಿ ಅಂದೆ. ತನ್ನ ಮುಖ ಆದ್ರೆ ಅರ್ಧ ಗಂಟೆ ನೋಡ್ತಾವೆ. ಬ್ಯಾರೇರ ಮುಖ ಎಷ್ಟೊತ್ತು ನೋಡ್ತಾವೆ? ಎರಡು ನಿಮಿಷಕ್ಕೆ ಬೊಟ್ಟು, ಜಡೆ, ರಿಬ್ಬನ್ನು ಎಲ್ಲ ಮುಗೀತು."

ಅವರನ್ನು ನೋಡಿರದವರಿಗೆ ಒಂದು ಚಿತ್ರ ಕೊಡಬೇಕೆಂದರೆ, ಹೊಸ್ತಿಲಿನಿಂದ ಶುರು ಮಾಡಬೇಕು. ಬೆಳಗಿನ ಹೊತ್ತು ಅವರು ಯಾರ ಮನೆಯ ಒಳಗೂ ಬರುತ್ತಿರಲಿಲ್ಲ. ಹೊಸ್ತಿಲಿನ ಆಚೆಯೇ ನಿಂತು, ಒದ್ದೆಯಿರಲಿ ಒಣಗಿರಲಿ, ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮಾತಾಡುವರು. "ಬರ್ರಿ, ಕುಂತ್ಕಳ್ರಿ" ಎಂದರೆ, "ಒಳಗೆ ಬಂದ್ರೆ ಕಾಫಿ ಮಾಡ್ತೀರಿ. ಅಲ್ಲಿಗೆ ನಿಮ್ಮದು ಹತ್ತು ನಿಮಿಷ ಹೋತು" ಎನ್ನುವರು. ಮಕ್ಕಳು ಗುಂಪಾಗಿ ನಿಂತಿದ್ದರೆ ಗದ್ದವನ್ನು ಸ್ವಲ್ಪ ಎತ್ತಿ ಎರಡೆರಡಾಗಿ ಎಣಿಸುವರು. ಅದು ತವರಿನಿಂದ ಬಂದದ್ದು. ಆದಿವಾಲದ ಆಚೆಗಿನ ಒಂದು ಹಟ್ಟಿಯಲ್ಲಿ, ಕುರಿ ಸಾಕುವ ಮನೆಯಲ್ಲಿ ಹುಟ್ಟಿದವರು. ಅವರ ಯಜಮಾನರೂ ಒಂದು ಕಾಲಕ್ಕೆ ಕುರಿ ಹಿಂದೆ ಅಲೆದವರೇ. ಈಗ ಜಗಲಿಯ ಕಂಬಕ್ಕೆ ಒರಗಿ ಕೂತು, ಮಾತನ್ನೆಲ್ಲ ಹೆಂಡತಿಗೆ ಬಿಟ್ಟುಕೊಟ್ಟು ನೆಮ್ಮದಿಯಾಗಿದ್ದರು.

ಇನ್ನು ನಮ್ಮ ಮನೆ. ನಾನು ಚಿತ್ರದುರ್ಗದ ಒಂದು ಕಚೇರಿಯಲ್ಲಿ ಗುಮಾಸ್ತ. ಎಂಟೂವರೆಯ ಬಸ್ಸು ಹಿಡಿಯುತ್ತೇನೆ. ಸುಧಾಳಿಗೆ ಮದುವೆಯಾದ ಒಂಬತ್ತು ವರ್ಷಕ್ಕೆ, ಓದಿದ್ದು ಮರೆತೇಹೋಯಿತು ಎಂದು ಅವಳೇ ಅಂದುಕೊಂಡಿದ್ದಾಗ, ಹೊಸದುರ್ಗದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಸಿಕ್ಕಿತ್ತು. ಏಳೂಕಾಲಿಗೆ ಬಸ್ಸು. ಅದು ತಪ್ಪಿದರೆ ಅಲ್ಲಿ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದ ಸಕ್ಕರೆ ಕಾಯಿಲೆಯವರು ಅವಳ ದಾರಿ ಕಾಯುತ್ತ, ಗೋಡೆಯ ಗಡಿಯಾರವನ್ನೂ ಎದುರಿನ ಹೋಟೆಲಿನ ಇಡ್ಲಿಯನ್ನೂ ನೋಡುತ್ತ ಕೂತಿರುತ್ತಾರೆ. ಮಕ್ಕಳ ವ್ಯಾನು ಬರುವುದು ಎಂಟು ಇಪ್ಪತ್ತಕ್ಕೆ. ಅಂದರೆ ಏಳರಿಂದ ಎಂಟು ಇಪ್ಪತ್ತರವರೆಗೆ ಮೂರನೇ ಕ್ಲಾಸಿನ ಅನು, ಯುಕೆಜಿಯ ಚಿಂಟು ಮತ್ತು ನಾನು. ಮೂವರಲ್ಲಿ ಅತಿ ಚಿಕ್ಕವನು ನಾನೇ ಎಂದು ಸುಧಾ ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ.

ನನ್ನ ಸಮಸ್ಯೆ ಕೆಲಸ ಬಾರದಿರುವುದಲ್ಲ, ಯೋಚನೆ. ಟಿಫಿನ್ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿದರೆ ಮಗು ತೆಗೆಯಲಾರದೆ ಉಪವಾಸ ಇದ್ದೀತು; ಸಡಿಲ ಹಾಕಿದರೆ ಪುಸ್ತಕವೆಲ್ಲ ಪಲ್ಯವಾದೀತು. ಚಿಂಟು ಒಮ್ಮೆ ಕೆಮ್ಮಿದರೆ ಸ್ವೆಟರು ಹಾಕಿಸುವೆ. ಸ್ವೆಟರಿನಲ್ಲಿ ಬೆವರಿ ನೆಗಡಿಯಾದರೆ ಎಂದು ತೆಗೆಸುವೆ. ಮಕ್ಕಳಿಗೆ ಇದು ಗೊತ್ತು. ಅನು ಹಾಲು ಕುಡಿಯಲು ಇಷ್ಟವಿಲ್ಲದಿದ್ದರೆ, "ಅಪ್ಪಾ, ಇದು ಒಂಥರಾ ವಾಸನೆ ಬರ್ತೈತೆ" ಎಂದು ಒಂದೇ ಮಾತು ಹೇಳುವಳು. ನಾನು ಲೋಟ ಹಿಡಿದು ಮೂಸುತ್ತ ಐದು ನಿಮಿಷ ನಿಂತಿರುತ್ತಿದ್ದೆ.

ಉಳಿದ ದಾರಿ ಫೋನು. ಹೊಸದುರ್ಗದ ಬಸ್ಸಿನಲ್ಲಿ ಕೂತ ಸುಧಾಳಿಗೆ ಒಂದು ಬೆಳಿಗ್ಗೆ ಹನ್ನೊಂದು ಸಲ ಫೋನು ಮಾಡಿದ ದಾಖಲೆ ನನ್ನದು.

"ಚಿಂಟುದು ಬಿಳಿ ಸಾಕ್ಸ್ ಎಲ್ಲೈತೆ?"

"ಬಿಳಿ ಸಾಕ್ಸ್ ಬುಧವಾರ ಕಣ್ರೀ. ಇವತ್ತು ಕಪ್ಪು."

"ಕಪ್ಪಲ್ಲೂ ಒಂದೇ ಐತೆ."

ಆಗ ಆ ಕಡೆಯಿಂದ ಒಬ್ಬ ಮುದುಕಿಯ ದನಿ ಕೇಳಿಸಿತು: "ಮಂಚದ ಕೆಳಗೆ ನೋಡಕ್ಕೆ ಹೇಳವ್ವ ನಿಮ್ಮ ಯಜಮಾನ್ರಿಗೆ."

ನೋಡಿದೆ. ಇತ್ತು. ಆ ಬಸ್ಸಿನ ಕಾಯಂ ಪ್ರಯಾಣಿಕರಿಗೆಲ್ಲ ನಮ್ಮ ಮನೆಯ ಬೀರುವಿನ ನಕ್ಷೆ ಬಾಯಿಪಾಠವಾಗಿತ್ತು.

ಇದು ನಗುವ ಮಾತಾಗಿ ಉಳಿಯಲಿಲ್ಲ. ಒಂದು ಸೋಮವಾರ ಚಿಂಟು ಶೂ ಹಾಕಿಕೊಳ್ಳುವುದಿಲ್ಲ ಎಂದು ನೆಲದ ಮೇಲೆ ಬಿದ್ದು ಹೊರಳಾಡುತ್ತಿರುವಾಗ ನಾನು ಫೋನನ್ನು ಅವನ ಕಿವಿಗೆ ಹಿಡಿದೆ. ಅವನು ಕಿರುಚಿದ ಕಿರುಚಾಟಕ್ಕೆ ಸುಧಾ ಹೆದರಿ, ಅರ್ಧ ದಾರಿಯಲ್ಲಿ ಬಸ್ಸಿಳಿದು ವಾಪಸು ಬಂದಳು. ಬಂದಾಗ ಚಿಂಟು ಶೂ ಹಾಕಿಕೊಂಡು ಸ್ಕೂಲಿಗೆ ಹೋಗಿಯಾಗಿತ್ತು. ಲ್ಯಾಬಿನ ಮಾಲೀಕರು, ಇನ್ನೊಂದು ಸಲ ಹೀಗಾದರೆ ಬರುವುದೇ ಬೇಡ ಎಂದರು.

ಅವತ್ತು ಸಂಜೆ ಸುಧಾ ಬಟ್ಟೆ ಮಡಿಸುತ್ತ, ನನ್ನ ಮುಖ ನೋಡದೆ ಹೇಳಿದಳು: "ಅವರು ತೆಗೆಯೋಕೆ ಮುಂಚೆ ನಾನೇ ಬಿಟ್ಟುಬಿಡ್ತೀನಿ. ಈ ತಿಂಗಳೊಂದು ಮುಗೀಲಿ."

ನಾಚಿಕೆಯ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ಕ್ಷಣ ನನಗೆ ಹಗುರವಾಯಿತು. ಮರುಕ್ಷಣ ಅವಳು ಮಡಿಸುತ್ತಿದ್ದುದು ಲ್ಯಾಬಿನ ಬಿಳಿ ಕೋಟು ಎಂದು ಕಾಣಿಸಿತು. ಆ ಕೋಟನ್ನು ಅವಳು ನಮ್ಮ ಯಾರ ಬಟ್ಟೆಯನ್ನೂ ಮಡಿಸದಷ್ಟು ನಾಜೂಕಾಗಿ ಮಡಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಹಾಸ್ಟೆಲಮ್ಮ ಹೊಸ್ತಿಲಿನ ಆಚೆ ನಿಂತಿದ್ದರು. ನಮ್ಮೆರಡು ಮನೆಗಳ ನಡುವಿನ ಗೋಡೆ ತೆಳ್ಳಗಿದೆ.

"ಏನಪ್ಪ, ಹೆಂಡ್ತಿ ಕೆಲ್ಸ ಬಿಡ್ತಾಳಂತೆ?"

"ಏನ್ಮಾಡೋದಮ್ಮ, ಮಕ್ಕಳು ಮಾತು ಕೇಳಲ್ಲ."

"ಮಕ್ಕಳು ಮಾತು ಕೇಳ್ತಾವೆ. ನಿನ್ನ ಮಾತು ಕೇಳಲ್ಲ. ಎರಡೂ ಬ್ಯಾರೆ ಬ್ಯಾರೆ."

ಆಮೇಲೆ ತಮ್ಮ ಹಟ್ಟಿಯ ವಿಷಯ ಹೇಳಿದರು. ತಾಯಿ ಸತ್ತ ಕುರಿಮರಿಯನ್ನು ಯಾರೋ ಒಬ್ಬರು ಕೈಯಲ್ಲಿ ಹಾಲು ಕುಡಿಸಿ ಸಾಕಿರುತ್ತಾರಂತೆ. ಅದು ದೊಡ್ಡದಾಗಿ ಮಂದೆಯ ಜೊತೆ ಮೇಯಲು ಹೋಗುವ ಕಾಲ ಬಂದಾಗ, ಸಾಕಿದವರು ಹೊಡೆದುಕೊಂಡು ಹೋದರೆ ಹೋಗುವುದೇ ಇಲ್ಲ. ಕಾಲಿಗೆ ಸುತ್ತಿಕೊಳ್ಳುತ್ತದೆ, ಸೀರೆಯ ಅಂಚು ಜಗಿಯುತ್ತದೆ, ಕುರಿ ಕೂಡುವ ರೊಪ್ಪದ ಬಾಗಿಲಲ್ಲೇ ಮಲಗಿ ನಾಟಕ ಮಾಡುತ್ತದೆ. "ಅಂಥ ಮರೀನ ದೊಡ್ಡಪ್ಪನ ಮನೇರ ಕೈಗೆ ಕೊಡ್ತಿದ್ವಿ. ಅವರ ಮರಿ ನಮ್ಮ ಕೈಗೆ. ಒಂದೇ ದಿನಕ್ಕೆ ಮಂದೆ ಜೊತೆ ಹೊಂಡ್ತಾವೆ ನೋಡು. ಬ್ಯಾರೇರ ಹತ್ರ ನಾಟಕ ನಡೆಯಲ್ಲ ಅಂತ ಅವಕ್ಕೆ ಗೊತ್ತಾಗ್ತೈತೆ."

"ಅಂದ್ರೆ?"

"ಅಂದ್ರೆ, ನಿನ್ನ ಮರೀನ ರುದ್ರೇಶನ ಮನೆಗೆ ಕಳ್ಸು."

ರುದ್ರೇಶ ಎದುರು ಮನೆಯವನು. ವಿದ್ಯುತ್ ಕಂಬ ಹತ್ತುವ ಲೈನ್‌ಮನ್. ಎತ್ತರದ ಆಳು, ದೊಡ್ಡ ದನಿ, ಹೈ ಟೆನ್ಷನ್ ತಂತಿಯ ಪಕ್ಕ ನಿಂತು ಹಾಡು ಹೇಳುವಷ್ಟು ಧೈರ್ಯ. ಅವನ ಹೆಂಡತಿ ಜವನಗೊಂಡನಹಳ್ಳಿಯಿಂದಾಚೆ ಒಂದು ಶಾಲೆಯಲ್ಲಿ ಟೀಚರು. ಎರಡು ಬಸ್ಸು ಬದಲಿಸಬೇಕಾದ್ದರಿಂದ ಅವರೂ ಏಳು ಗಂಟೆಗೇ ಮನೆ ಬಿಡುವವರು. ಮಗ ತೇಜು ನಮ್ಮ ಅನುವಿನ ಓರಗೆಯವನು. ತಟ್ಟೆಯ ಮುಂದೆ ಕೂತರೆ ಒಂದು ದೋಸೆಯನ್ನು ಮುಕ್ಕಾಲು ಗಂಟೆ ತಿನ್ನುವ ಪ್ರತಿಭಾವಂತ. ಬೆಳಗಿನ ಹೊತ್ತು ಆ ಮನೆಯಿಂದ ರುದ್ರೇಶನ ಗರ್ಜನೆ, ಈ ಮನೆಯಿಂದ ನನ್ನ ಗೋಗರೆತ. ಬೀದಿಯ ಉಳಿದವರಿಗೆ ರೇಡಿಯೋದ ಅವಶ್ಯಕತೆ ಇರಲಿಲ್ಲ.

ಮಕ್ಕಳ ಅದಲುಬದಲು ಎರಡು ವಾರ ಸೊಗಸಾಗಿ ನಡೆಯಿತು. ಅನು, ಚಿಂಟು ಎದುರು ಮನೆಗೆ. ತೇಜು ನಮ್ಮ ಮನೆಗೆ. ನಮ್ಮಲ್ಲಿ ಉಪ್ಪಿಟ್ಟೆಂದರೆ ಮೂಗು ಮುಚ್ಚಿಕೊಳ್ಳುವ ಚಿಂಟು ಅಲ್ಲಿ ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡನಂತೆ. ಸುಧಾಳ ಫೋನು ತಣ್ಣಗಿತ್ತು. ಬಸ್ಸಿನ ಮುದುಕಿ "ಯಾಕವ್ವ, ಊರಲ್ಲಿಲ್ಲವಾ ನಿಮ್ಮ ಯಜಮಾನ್ರು?" ಎಂದು ವಿಚಾರಿಸಿದರಂತೆ.

ಆದರೆ ಮಕ್ಕಳು ಹೋದ ಕಡೆ ಬರಿಗೈಯಲ್ಲಿ ಹೋಗುವುದಿಲ್ಲ, ಮನೆಯ ಸುದ್ದಿಯನ್ನೆಲ್ಲ ಒಯ್ಯುತ್ತವೆ. ಒಂದು ದಿನ ಚಿಂಟು ಎದುರು ಮನೆಯಲ್ಲಿ ದೋಸೆ ತಿನ್ನುತ್ತ, "ಅಂಕಲ್, ನೀವು ಕಂಬ ಹತ್ತಿದ್ರೆ ಇರೋ ಕರೆಂಟೂ ಹೋಗ್ತೈತೆ ಅಂತ ನಮ್ಮಪ್ಪ ಹೇಳ್ತಾರೆ" ಎಂದ. ಅದೇ ದಿನ ಅನು ಮನೆಗೆ ಬಂದು ತಾಯಿಗೆ ವರದಿ ಒಪ್ಪಿಸಿದಳು: "ಅಮ್ಮಾ, ತೇಜು ಅಮ್ಮನ ಚಟ್ನಿ ನಿಜವಾಗ್ಲೂ ಚಟ್ನಿ ಥರಾನೇ ಇರ್ತೈತೆ."

ರುದ್ರೇಶ ಸಂಜೆ ಬೀದಿಯ ನಡುವೆ ನಿಂತು, "ಏನ್ ಸಾರ್, ಕರೆಂಟು ಐತಾ ಮನೇಲಿ? ಇದ್ರೆ ನಾನು ಬಂದು ತೆಗೀಲಾ?" ಎಂದ. ನಾನು ನಗಲು ನೋಡಿದೆ. ಅವನು ನಗಲಿಲ್ಲ. ಮರುದಿನದಿಂದ ಅವರವರ ಮಕ್ಕಳು ಅವರವರ ಮನೆಯಲ್ಲಿ. ಗರ್ಜನೆ, ಗೋಗರೆತ ಎರಡೂ ಮತ್ತೆ ಶುರು. ಮೂರನೇ ದಿನ ಸುಧಾಳ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಮುಂದಿನ ಬಸ್ಸಿಗೆ ಹೋಗಿ, ಮಾಲೀಕರ ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಕೇಳಿಕೊಂಡು ಕೆಲಸ ಉಳಿಸಿಕೊಂಡು ಬಂದಳು. "ಇದೇ ಕೊನೆ ವಾರ" ಎಂದಳು. ಈ ಸಲ ನನಗೆ ಹಗುರವಾಗಲಿಲ್ಲ.

ಹಾಸ್ಟೆಲಮ್ಮ ಆ ಸಂಜೆ ನಮ್ಮಿಬ್ಬರನ್ನೂ ತಮ್ಮ ಜಗಲಿಗೆ ಕರೆಸಿದರು. ರುದ್ರೇಶ ಒಂದು ತುದಿಗೆ, ನಾನು ಇನ್ನೊಂದು ತುದಿಗೆ. ನಡುವೆ ಯಜಮಾನರು, ಮಾತಿಲ್ಲದೆ, ಗಡಿಕಲ್ಲಿನ ಹಾಗೆ.

"ಮಕ್ಕಳನ್ನ ಕಳಿಸಿದ್ದು ನಂದೇ ತಪ್ಪು ಕಣ್ರಪ್ಪ. ಕುರಿ ಮರಿಗೆ ಬಾಯಿಲ್ಲ, ಇವಕ್ಕೈತೆ. ನಾಳೆಯಿಂದ ಮಕ್ಕಳು ಅವರವರ ಮನೇಲೇ ಇರ್ಲಿ. ನೀವು ಹೋಗ್ರಿ."

"ಎಲ್ಲಿಗೆ?" ಎಂದೆವು ಇಬ್ಬರೂ.

"ಲೇ ರುದ್ರೇಶ, ನೀನು ಇವನ ಮನೆಗೆ. ಏನಪ್ಪ, ನೀನು ಅವನ ಮನೆಗೆ. ಏಳು ಗಂಟೆಗೆ ಹೋಗ್ರಿ, ವ್ಯಾನು ಹತ್ತಿಸಿ ಬರ್ರಿ."

"ಅಮ್ಮ, ಅವರ ಮನೇಲಿ ಏನು ಎಲ್ಲೈತೋ ನನಗೇನು ಗೊತ್ತು?" ಎಂದೆ.

"ನಿನ್ನ ಮನೇಲಿ ಗೊತ್ತಿತ್ತಾ?"

ರುದ್ರೇಶ ಹಲ್ಲು ಕಿಸಿದ. ಅವರು ಅವನ ಕಡೆ ತಿರುಗಿದರು: "ನೀನ್ಯಾಕಪ್ಪ ನಗ್ತೀಯ? ನಿನ್ನ ಮಗ ಒಂದು ದೋಸೆ ತಿನ್ನೋದ್ರಲ್ಲಿ ನೀನು ಮೂರು ಕಂಬ ಹತ್ತಿ ಇಳೀಬೌದು."

"ಗಂಡಸ್ರು ಸುದ್ದಿ ಹೇಳಲ್ವಾ?" ಎಂದ ರುದ್ರೇಶ ಕಿಸಿದ ಹಲ್ಲು ಮುಚ್ಚಿಕೊಂಡು.

"ಹೇಳಲ್ಲ. ಬ್ಯಾರೇರ ಮನೆ ಅಡುಗೆ ಮನೇಲಿ ನಿಂತ ಗಂಡಸಿಗೆ ಬಾಯೇ ಬರಲ್ಲ. ನಾನು ನೋಡಿಲ್ವಾ?"

ಮರುದಿನ ಏಳಕ್ಕೆ ನಾವಿಬ್ಬರೂ ಬೀದಿಯ ನಡುವೆ ಒಬ್ಬರನ್ನೊಬ್ಬರು ದಾಟಿದೆವು. ಗಡಿ ದಾಟುವ ಸೈನಿಕರ ಹಾಗೆ ತಲೆ ತಗ್ಗಿಸಿಕೊಂಡು. ಅವನ ಕೈಯಲ್ಲಿ ನಮ್ಮ ಮನೆಯ ಬೀಗದ ಕೈ, ನನ್ನ ಕೈಯಲ್ಲಿ ಅವನದು.

ಅಲ್ಲಿ ನನಗೆ ಆದ ಅನುಭವವನ್ನು ಹೇಗೆ ಹೇಳಲಿ? ತೇಜು ಕೆಮ್ಮಿದ. ನಾನು ಕೇಳಿಸಿಕೊಂಡೆ. ಅಷ್ಟೇ. ಅದು ಬರೀ ಕೆಮ್ಮಾಗಿತ್ತು. ನ್ಯುಮೋನಿಯಾದ ಮೊದಲ ಹೆಜ್ಜೆಯಾಗಿರಲಿಲ್ಲ. ಅವನ ಟಿಫಿನ್ ಡಬ್ಬಿಯ ಮುಚ್ಚಳವನ್ನು ಒಂದೇ ಸಲಕ್ಕೆ ಹಾಕಿದೆ. ಸೆಖೆ ಎಂದ, ಫ್ಯಾನು ಹಾಕಿದೆ. ಚಳಿ ಎಂದ, ಆರಿಸಿದೆ. ನನ್ನ ಜೀವಮಾನದಲ್ಲಿ ನಾನು ಇಷ್ಟು ಸರಾಗವಾದ ಮನುಷ್ಯನಾಗಿದ್ದುದು ನೆನಪಿಲ್ಲ. ಇನ್ನು ಬಾಕಿ ಇದ್ದದ್ದು ದೋಸೆಯ ಸಮಸ್ಯೆ. ಕಚೇರಿಯಲ್ಲಿ ಸವೆದುಹೋಗಿದೆ ಎಂದು ಬಿಸಾಡಿದ್ದ ಹಳೆಯ ರಬ್ಬರ್ ಸೀಲೊಂದು ನನ್ನ ಬ್ಯಾಗಿನಲ್ಲಿ ಯಾಕೋ ಇತ್ತು, 'ಸ್ವೀಕರಿಸಲಾಗಿದೆ' ಎಂಬುದು. "ಒಂದು ದೋಸೆ ಮುಗಿಸಿದ್ರೆ ಕೈ ಮೇಲೆ ಒಂದು ಸೀಲು" ಎಂದೆ. ಹುಡುಗ ಹತ್ತು ನಿಮಿಷಕ್ಕೆ ಮೂರು ದೋಸೆ ತಿಂದ. ಮೊಣಕೈವರೆಗೆ ಸ್ವೀಕೃತನಾಗಿ ಸ್ಕೂಲಿಗೆ ಹೋದ.

ನಮ್ಮ ಮನೆಯಲ್ಲಿ ರುದ್ರೇಶನೂ ಕಡಿಮೆಯವನಲ್ಲ. ಸ್ವಂತ ಮಗನ ಮೇಲೆ ಗರ್ಜಿಸುವವನಿಗೆ ಪರರ ಹೆಣ್ಣುಮಗುವಿನ ಮುಂದೆ ದನಿಯೇ ಏಳಲಿಲ್ಲವಂತೆ. "ಹಾಲು ಒಂಥರಾ ವಾಸನೆ ಬರ್ತೈತೆ ಅಂಕಲ್" ಎಂದು ಅನು ತನ್ನ ಹಳೇ ಬಾಣ ಬಿಟ್ಟಳು. "ಹೌದಾ? ಹಂಗಾದ್ರೆ ನಾನು ಕುಡೀತೀನಿ" ಎಂದು ಅವನು ಗಟಗಟ ಕುಡಿದು ಲೋಟ ಕೆಳಗಿಟ್ಟ. ಮರುದಿನದಿಂದ ಅವಳ ಹಾಲಿಗೆ ವಾಸನೆ ಬರಲಿಲ್ಲ. ಅವನ ನಿಜವಾದ ಕೈಚಳಕ ಜಡೆಯಲ್ಲಿತ್ತು. ದಿನವಿಡೀ ತಂತಿ ಹೊಸೆಯುವ ಕೈ. ಅನುವಿನ ಕೂದಲನ್ನು ಮೂರು ಎಳೆ ಮಾಡಿ, ಗಾಳಿ ಮಳೆಗೆ ಜಗ್ಗದ ಹಾಗೆ ಎಳೆದು ಬಿಗಿದಿದ್ದ. ಹುಡುಗಿಯ ಹುಬ್ಬು ಎರಡೂ ಮೇಲಕ್ಕೇರಿ, ದಿನವೆಲ್ಲ ಆಶ್ಚರ್ಯಚಕಿತಳಾಗಿ ಕಾಣುತ್ತಿದ್ದಳು. ಸಂಜೆ ಆ ಜಡೆ ಬಿಚ್ಚಲು ಸುಧಾ ಇಕ್ಕಳ ಹುಡುಕಿದಳು.

ಹಾಸ್ಟೆಲಮ್ಮ ದಿನಾ ಏಳೂವರೆಗೆ ಒಮ್ಮೆ ಆ ಹೊಸ್ತಿಲು, ಒಮ್ಮೆ ಈ ಹೊಸ್ತಿಲು. ತೇಜುವಿನ ಅಂಗಿಯ ಕಾಲರನ್ನು ನಾನು ತುಸು ಹೆಚ್ಚು ಹೊತ್ತು ಸರಿಮಾಡುತ್ತಿದ್ದರೆ ಅಲ್ಲಿಂದಲೇ ಕೂಗುವರು: "ಬೆಳಿಗ್ಗೆ ಹೊತ್ತು ಪ್ರೀತಿ ಮಾಡಬ್ಯಾಡ ಕಣಪ್ಪ! ಸಂಜೆ ಮಾಡು, ಎಷ್ಟು ಬೇಕಾದ್ರೂ ಟೈಮೈತೆ." ಅವರೂ ಹಾಗೇ ನಡೆದುಕೊಂಡವರು. ಸಂಜೆ ವ್ಯಾನಿಳಿದ ಮೂರೂ ಮಕ್ಕಳು ನಾವು ಕೆಲಸದಿಂದ ಬರುವವರೆಗೆ ಅವರ ಜಗಲಿಯಲ್ಲೇ ಇರುತ್ತಿದ್ದವು. ನಾನು ಬರುವ ಹೊತ್ತಿಗೆ ಅಲ್ಲಿ ಏನೋ ಗುಸುಗುಸು, ನಗು. ನನ್ನನ್ನು ಕಂಡ ಕೂಡಲೇ ಗಪ್‌ಚಿಪ್. ಮಕ್ಕಳ ಆಟ ಎಂದುಕೊಂಡಿದ್ದೆ.

ಸುಧಾಳ 'ಕೊನೆ ವಾರ' ಮುಗಿಯಿತು. ಅವಳು ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಹೀಗೆ ಒಂದು ವರ್ಷ. ನಾವು ಎಷ್ಟು ಒಗ್ಗಿಹೋದೆವೆಂದರೆ, ಶಾಲೆಯಲ್ಲಿ ಪೋಷಕರ ಸಭೆ ಕರೆದಾಗ ನಾನು ನೇರವಾಗಿ ತೇಜುವಿನ ಮೇಡಂ ಮುಂದೆ ಹೋಗಿ ಕೂತೆ. ಗಣಿತದಲ್ಲಿ ಅವನ ಕಷ್ಟ, ಪೆನ್ಸಿಲ್ ಕಚ್ಚುವ ಚಾಳಿ ಎಲ್ಲವನ್ನೂ ಚರ್ಚಿಸಿ, ಸಹಿ ಹಾಕುವಾಗ ಮೇಡಂ "ನೀವು ಹುಡುಗನಿಗೆ ಏನಾಗಬೇಕು?" ಎಂದಾಗಲೇ ಎಚ್ಚರವಾದದ್ದು. ತಿರುಗಿ ನೋಡಿದರೆ ಪಕ್ಕದ ಕೋಣೆಯಲ್ಲಿ ರುದ್ರೇಶ, ಅನುವಿನ ಕೈಬರಹದ ಬಗ್ಗೆ ಆ ಟೀಚರ ಜೊತೆ ವಾದಕ್ಕಿಳಿದಿದ್ದ. ಈ ಕತೆ ಕೇಳಿ ಹಾಸ್ಟೆಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಯಜಮಾನರೂ ನಕ್ಕರು ಎಂದು ನೋಡಿದವರು ಹೇಳುತ್ತಾರೆ.

ಅವರು ಹೋದದ್ದು ಒಂದು ಗುರುವಾರ ಬೆಳಿಗ್ಗೆ. ಎದ್ದು ನೀರು ಕಾಯಿಸಲು ಹೋದವರು ಅಲ್ಲೇ ಕುಸಿದರಂತೆ. ಆರು ಗಂಟೆಗೆ ಯಜಮಾನರು ನಮ್ಮ ಬಾಗಿಲು ತಟ್ಟಿದರು. ಕಾಯಿಲೆಯಿಲ್ಲ, ಆಸ್ಪತ್ರೆಯಿಲ್ಲ. ಯಾರ ಹತ್ತು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ.

ಬೀದಿಯೆಲ್ಲ ಆ ಜಗಲಿಯ ಮುಂದೆ ಸೇರಿತು. ಸುಧಾ ಅವರ ಪಾದದ ಬಳಿ ಕೂತು ಅಳುತ್ತಿದ್ದಳು. ಏಳಕ್ಕೆ ಹತ್ತು ನಿಮಿಷವಿತ್ತು. ಅವಳ ಕಣ್ಣು ಒಮ್ಮೆ ಗೋಡೆಯ ಮೇಲಿನ ಗಡಿಯಾರಕ್ಕೆ ಹೋಗಿ ಥಟ್ಟನೆ ಕೆಳಗಿಳಿದದ್ದನ್ನು ನಾನು ನೋಡಿದೆ. ಹಿಂದೆ ನಿಂತಿದ್ದ ಹೆಂಗಸರೂ ನೋಡಿದರು. ಇಂಥ ಹೊತ್ತಿನಲ್ಲಿ ಕೆಲಸಕ್ಕೆ ಹೋಗುವುದುಂಟೇ? ಹೋಗದಿದ್ದರೆ, ಖಾಲಿ ಹೊಟ್ಟೆಯಲ್ಲಿ ಬಂದು ಕೂತವರಿಗೆ ಯಾರು ಹೇಳುವುದು? ಮಾಲೀಕರಿಗೆ ಏನು ಹೇಳುವುದು? ಪಕ್ಕದ ಮನೆಯವರು ತೀರಿಕೊಂಡರು ಎಂದರೆ ನೆಂಟರಾ ಎನ್ನುತ್ತಾರೆ. ಅಲ್ಲ ಎಂದರೆ ಮುಗಿಯಿತು.

ಯಜಮಾನರು ಕಂಬಕ್ಕೆ ಒರಗಿದ್ದವರು ಬಾಯಿ ಬಿಟ್ಟರು. ಅವರು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನೀನ್ಯಾಕವ್ವ ಇನ್ನೂ ಇಲ್ಲಿ ಕುಂತಿದೀಯ? ಬಸ್ಸು ಹೊಂಡ್ತೈತೆ. ನಮ್ಮ ಮಗಳು ಚಿತ್ರದುರ್ಗದಿಂದ ಬರ್ಬೇಕು, ಮಣ್ಣು ಮಾಡೋದು ಸಂಜೆಗೆ. ಹೋಗಿ ಆ ಜನಕ್ಕೆ ಸೂಜಿ ಚುಚ್ಚಿ, ಉಣ್ಣಕ್ಕೆ ಕಳಿಸಿ ಬಾ. ಇವಳು ಎಲ್ಲಿಗೂ ಹೋಗಲ್ಲ."

ಸುಧಾ ಎದ್ದಳು. ಹಿಂದೆ ಯಾರೋ ಏನೋ ಗೊಣಗಿದರು. ಅವಳು ತಿರುಗಿ ನೋಡಲಿಲ್ಲ. ತೇಜುವಿನ ತಾಯಿಯೂ ಕಣ್ಣೊರೆಸಿಕೊಂಡು ಅವಳ ಹಿಂದೆ ಹೊರಟರು.

ನಾನೂ ರುದ್ರೇಶನೂ ಶಾಮಿಯಾನ, ಕುರ್ಚಿ, ಹೂವು ಎಂದು ಓಡಾಟಕ್ಕೆ ಬಿದ್ದೆವು. ಫೋನು ಮಾಡುವುದು ನನ್ನ ಪಾಲಿಗೆ, ಬಿದಿರು ಕಟ್ಟುವುದು ಅವನ ಪಾಲಿಗೆ. ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಇದ್ದಕ್ಕಿದ್ದ ಹಾಗೆ ಬೀದಿಯ ತುದಿಯಲ್ಲಿ ವ್ಯಾನಿನ ಹಾರನ್ನು.

ನಾನು ಮಾಡುತ್ತಿದ್ದ ಫೋನನ್ನು ಅರ್ಧಕ್ಕೇ ಕತ್ತರಿಸಿದೆ. "ರುದ್ರೇಶ! ಮಕ್ಕಳು?"

"ನೀವು ನೋಡ್ಲಿಲ್ವಾ ಸಾರ್?"

"ನೀನು ಹೋಗಿದ್ದೆ ಅಂದ್ಕಂಡೆ!"

ಇಬ್ಬರೂ ಓಡಿದೆವು. ನಮ್ಮ ಗೇಟಿನ ಮುಂದೆ ಮೂವರೂ ಸಾಲಾಗಿ ನಿಂತಿದ್ದರು. ಯೂನಿಫಾರಂ, ಐಡಿ ಕಾರ್ಡು, ಬೆನ್ನ ಮೇಲೆ ಬ್ಯಾಗು. ಅನುವಿನ ಎರಡು ಜಡೆ ಅಷ್ಟೇನೂ ಬಿಗಿಯಿಲ್ಲ, ಆದರೆ ನೇರವಾಗಿದ್ದವು. ತೇಜುವಿನ ಹಣೆಯ ವಿಭೂತಿ ನೆಟ್ಟಗಿತ್ತು. ಚಿಂಟುವಿನ ಡಬ್ಬಿ ತೆಗೆದು ನೋಡಿದೆ: ಮಂಡಕ್ಕಿಗೆ ಚಟ್ನಿಪುಡಿ ಕಲಸಿದ್ದು, ಒಂದು ಬಾಳೆಹಣ್ಣು. ಮುಚ್ಚಳ ಬಿಗಿಯೂ ಇಲ್ಲ, ಸಡಿಲವೂ ಇಲ್ಲ. ಅನುವಿನ ಕಣ್ಣು ಅತ್ತು ಕೆಂಪಾಗಿತ್ತು.

"ಯಾರು ರೆಡಿ ಮಾಡಿದ್ದು ನಿಮ್ಮನ್ನ?"

ಅನು, ತೇಜು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾವೇ" ಎಂದಳು ಅನು.

"ಇವತ್ತು ಹೆಂಗೆ ಬಂತು ನಿಮಗೆ?"

"ಇವತ್ತಲ್ಲ ಅಪ್ಪ. ಬಾಳ ದಿನದಿಂದ ಬರ್ತೈತೆ. ಅಜ್ಜಿ ಸಂಜೆ ಹೊತ್ತು ಹೇಳ್ಕೊಟ್ಟಿದ್ರು. ಜಡೆ, ಟೈ, ಡಬ್ಬಿ, ಎಲ್ಲ."

"ಮತ್ತೆ ದಿನಾ ನಾವು ಮಾಡ್ತಿದ್ದದ್ದು?" ಎಂದ ರುದ್ರೇಶ. ಅವನ ದೊಡ್ಡ ದನಿ ಎಲ್ಲೋ ಕಳೆದುಹೋಗಿತ್ತು.

ಅನು ಉತ್ತರ ಕೊಡಲು ಹಿಂದೆ ಮುಂದೆ ನೋಡಿದಳು. ಚಿಂಟುವಿಗೆ ಅಂಥ ಸಂಕೋಚವೇನಿಲ್ಲ. ಹಾಸ್ಟೆಲಮ್ಮನ ದನಿಯೇ ಅನ್ನುವ ಹಾಗೆ ಒಪ್ಪಿಸಿಬಿಟ್ಟ:

"'ನಿಮ್ಮಪ್ಪಂದಿರಿಗೆ ಈಗ ತಾನೇ ಕೆಲ್ಸ ಬರ್ತಾ ಐತೆ, ಕೆಡಿಸ್ಬ್ಯಾಡ್ರಿ. ಅವರು ಮಾಡ್ತೀವಿ ಅಂದಿದ್ದನ್ನ ಸುಮ್ನೆ ಮಾಡಿಸ್ಕಳ್ರಿ. ನಿಮಗೆ ಬರ್ತೈತೆ ಅಂತ ಗೊತ್ತಾದ್ರೆ ಇಬ್ರೂ ಪೇಪರ್ ಹಿಡ್ಕಂಡು ಕುಂತ್ಕಂತಾರೆ. ಆಮೇಲೆ ನಿಮಗೊಂದಿನ ಜ್ವರ ಬಂದ್ರೆ ಅಮ್ಮನೇ ಕೆಲ್ಸ ಬಿಡ್ಬೇಕು' ಅಂತ."

ವ್ಯಾನು ಮತ್ತೊಮ್ಮೆ ಹಾರನ್ನು ಹೊಡೆಯಿತು. ಮೂವರೂ ಹತ್ತಿಕೊಂಡರು. ನಾವಿಬ್ಬರೂ ಬೀದಿಯಲ್ಲಿ ನಿಂತೇ ಇದ್ದೆವು. ನಾನು ರುದ್ರೇಶನನ್ನು ನೋಡಿದೆ, ಅವನು ನನ್ನನ್ನು. ನಗುವಂತಿರಲಿಲ್ಲ, ಸಾವಿನ ಮನೆಯ ಮುಂದೆ. ಅವನು ಬಿದಿರು ಕಟ್ಟಲು ಹೋದ, ಬೆನ್ನು ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ ನಾನು ಕೇಳಲಿಲ್ಲ.

ಸುಧಾ ಮಧ್ಯಾಹ್ನ ಒಂದೂವರೆಗೆ ಬಂದಳು. ಅರ್ಧ ದಿನ ರಜ ಸಿಕ್ಕಿತ್ತು. ಹದಿನಾಲ್ಕು ಜನರ ರಕ್ತ ತೆಗೆದು ಎಲ್ಲರನ್ನೂ ತಿಂಡಿಗೆ ಕಳಿಸಿ ಬಂದೆ ಎಂದು ಯಜಮಾನರಿಗೆ ಹೇಳಿದಳು. ಅವರು ತಲೆಯಾಡಿಸಿದರು. ಸಂಜೆ ಮಣ್ಣು ಮಾಡಿ ಬಂದೆವು.

ಮರುದಿನ ಶುಕ್ರವಾರ. ಏಳು ಗಂಟೆಗೆ ಏನು ಮಾಡಬೇಕೆಂದು ತಿಳಿಯದೆ ನಾನು ನಮ್ಮ ಗೇಟಿನಲ್ಲಿ ನಿಂತೆ. ಎದುರು ಗೇಟಿನಲ್ಲಿ ರುದ್ರೇಶನೂ ನಿಂತಿದ್ದ. ಆಮೇಲೆ ಅವನೇ ಈ ಕಡೆ ಹೊರಟ, ನಾನು ಆ ಕಡೆ.

ತೇಜು ಮೆಟ್ಟಿಲ ಮೇಲೆ ಕೂತಿದ್ದ. ತಿಂಡಿ ಆಗಿತ್ತು, ಟೈ ಕಟ್ಟಿಯಾಗಿತ್ತು, ಬಲಗಾಲಿನ ಶೂ ಲೇಸು ಅಚ್ಚುಕಟ್ಟಾಗಿ ಬಿಗಿದಿತ್ತು. ನನ್ನನ್ನು ನೋಡಿದ. ಒಂದು ಕ್ಷಣ ಯೋಚಿಸಿದ. ಆಮೇಲೆ ಬಗ್ಗಿ, ಆ ಲೇಸನ್ನು ಬಿಚ್ಚಿ, ಕಾಲನ್ನು ನನ್ನ ಮುಂದೆ ಚಾಚಿದ.

"ಕಟ್ರಿ ಅಂಕಲ್" ಎಂದ.

ನಾನು ನೆಲದ ಮೇಲೆ ಕೂತು ಕಟ್ಟಿದೆ.